ಹರಪನಹಳ್ಳಿ ಯಾವ ಜಿಲ್ಲೆ?

ನಕಾಶೆ ಕೆಲಸಕ್ಕೆ ಬರುವ ಹೊಸಬರಿಗೆ ನಾನು ಮೊದಲು ಕೇಳುವ ಪ್ರಶ್ನೆ ಇದು. ಥಟ್ಟನೆ "ವಿಜಯನಗರ" ಅಂದರೆ ಅರ್ಧ ಮಾರ್ಕು. "ಯಾವ ವರ್ಷದ ಲೆಕ್ಕ ಸರ್?" ಅಂತ ತಿರುಗಿ ಕೇಳಿದರೆ ಪೂರ್ತಿ.

1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೆ ಅದು ಬಳ್ಳಾರಿಯದು. (1953ಕ್ಕಿಂತ ಹಿಂದೆ ಹೋದರೆ ರಾಜ್ಯವೇ ಬೇರೆ, ಮದ್ರಾಸು!) ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಿಗೆ ಸಂವಿಧಾನದ 371(ಜೆ) ವಿಧಿ ಕೊಡುವ ವಿಶೇಷ ಸವಲತ್ತಿಗಾಗಿ ಹೋರಾಟ ನಡೆದು 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರ. ಲೋಕಸಭೆಗೆ ಮಾತ್ರ ಇವತ್ತಿಗೂ ವೋಟು ಹಾಕುವುದು ದಾವಣಗೆರೆ ಕ್ಷೇತ್ರಕ್ಕೆ.

ಇಷ್ಟೆಲ್ಲ ಇತಿಹಾಸಕ್ಕೆ ನಮ್ಮ ಎಷ್ಟೋ ಡೇಟಾಬೇಸ್‌ಗಳಲ್ಲಿ ಇರುವುದು "ಜಿಲ್ಲೆ" ಅನ್ನೋ ಒಂದೇ ಟೇಬಲ್. ಗಡಿ ರೇಖೆಗಳಿರುವ ಹೊಸ ಶೇಪ್‌ಫೈಲ್ ಬಂತೋ, ಹಳೆಯದನ್ನು ಅಳಿಸಿ ಕೈತೊಳೆದುಕೊಳ್ಳುತ್ತಾರೆ. ಆಮೇಲೆ ಯಾರೋ 2011ರ ಜನಗಣತಿ ಅಂಕಿ ತಂದು ಜೋಡಿಸುತ್ತಾರೆ. ಗಣತಿಯಲ್ಲಿ 30 ಜಿಲ್ಲೆ, ನಕಾಶೆಯಲ್ಲಿ 31. ವಿಜಯನಗರ ಖಾಲಿ ಕಾಣುತ್ತದೆ, ಸರಿ, ಸಿಕ್ಕಿಬೀಳುವ ತಪ್ಪು. ದಾವಣಗೆರೆಯದು ಹಾಗಲ್ಲ: ಜನಸಂಖ್ಯೆ ಹರಪನಹಳ್ಳಿ ಸೇರಿಸಿದ್ದು, ವಿಸ್ತೀರ್ಣ ಹರಪನಹಳ್ಳಿ ಬಿಟ್ಟಿದ್ದು. ಜನಸಾಂದ್ರತೆ ಸುಮ್ಮಸುಮ್ಮನೆ ಏರಿ ಕೂತಿರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ.

ಜಿಲ್ಲೆಯ ಗಡಿಯನ್ನು ಬರೆದಿಡಲೇಬೇಡಿ ಅನ್ನೋದು ನನ್ನ ವಾದ. ಗ್ರಾಮದ ಗಡಿ ಇಟ್ಟುಕೊಳ್ಳಿ. ಯಾವ ಗ್ರಾಮ ಯಾವ ತಾಲ್ಲೂಕಿಗೆ, ಯಾವ ತಾಲ್ಲೂಕು ಯಾವ ಜಿಲ್ಲೆಗೆ, ಎಂದಿನಿಂದ ಎಂದಿನವರೆಗೆ ಅನ್ನೋದು ಬೇರೆ ಟೇಬಲ್‌ನಲ್ಲಿರಲಿ. ತಾರೀಕು ಕೊಟ್ಟರೆ, ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ನಕಾಶೆ ಕೆಲಸ ಕಲಿಸುವ ಪೋಸ್ಟ್‌ಜಿಐಎಸ್ ಗ್ರಾಮಗಳನ್ನು ಕೂಡಿಸಿ ಆ ದಿನದ ಜಿಲ್ಲೆಯನ್ನು ಮುಂದಿಡುತ್ತದೆ. ತಾಲ್ಲೂಕಿನ ಗಡಿಯೇ ಸಾಕಲ್ಲ ಅನ್ನುವವರು ಕೊಟ್ಟೂರನ್ನು ನೋಡಿ, ಕೂಡ್ಲಿಗಿಯಿಂದ ಒಡೆದು ಮಾಡಿದ ತಾಲ್ಲೂಕು. ಗ್ರಾಮಗಳೂ ಒಡೆಯುತ್ತವೆ, ನಿಜ. ಆಗ ಆ ಒಂದು ಸಾಲಿಗೆ ಕೊನೆಯ ತಾರೀಕು ಹಾಕಿ ಹೊಸ ಸಾಲುಗಳನ್ನು ಸೇರಿಸಿದರಾಯಿತು. ಒಂದೇ ಗ್ರಾಮ ಒಂದೇ ದಿನ ಎರಡು ತಾಲ್ಲೂಕಿನಲ್ಲಿ ಕೂರದಂತೆ ಪೋಸ್ಟ್‌ಗ್ರೆಸ್‌ನ ಎಕ್ಸ್‌ಕ್ಲೂಡ್ ಕನ್‌ಸ್ಟ್ರೈಂಟ್ ಕಾಯುತ್ತದೆ. ಗೆಜೆಟ್ ಪ್ರಕಾರ ಜಾರಿಯಾದ ದಿನ, ನಾವು ಎಂಟ್ರಿ ಮಾಡಿದ ದಿನ, ಇವೆರಡಕ್ಕೂ ಬೇರೆಬೇರೆ ಕಾಲಂ ಬೇಕು.

ಹೆಸರನ್ನಂತೂ ಐಡಿ ಮಾಡಿಕೊಳ್ಳಬೇಡಿ. 2025ರಲ್ಲಿ ರಾಮನಗರ "ಬೆಂಗಳೂರು ದಕ್ಷಿಣ" ಆಯಿತು. ಬದಲಾಗಿದ್ದು ಹೆಸರು, ಗಡಿಯಲ್ಲ. ಹೆಸರನ್ನೇ ಕೀಲಿ ಮಾಡಿಕೊಂಡವರ ಪಾಲಿಗೆ ಮಾತ್ರ ಒಂದು ಜಿಲ್ಲೆ ಸತ್ತು ಇನ್ನೊಂದು ಹುಟ್ಟಿತು.

2027ರ ಜನಗಣತಿಗೆಂದು 2025ರ ಡಿಸೆಂಬರ್ 31ಕ್ಕೆ ಆಡಳಿತ ಗಡಿಗಳನ್ನು ಸ್ಥಗಿತಗೊಳಿಸಿದ್ದಾರೆ. ಟೇಬಲ್ ರಿಪೇರಿಗೆ ಇದಕ್ಕಿಂತ ಒಳ್ಳೆ ಕಾಲ ಸಿಗಲಿಕ್ಕಿಲ್ಲ. ಹೊಸ ಅಂಕಿ ಬಂದ ದಿನವೇ 2011ಕ್ಕೆ ಹೋಲಿಸಿ ಕೊಡಿ ಅಂತ ಫೋನ್ ಬರುತ್ತದೆ, ಆ ಕೂಡು-ಕಳೆಯನ್ನು ಎಕ್ಸೆಲ್‌ನಲ್ಲಿ ಕೂತು ಮಾಡಲು ನಾನಂತೂ ತಯಾರಿಲ್ಲ.