ಕಾರ್ಡಿಗೆ ಮೆರೂನ್ ನೇಲ್ ಪಾಲಿಶ್

ಸೀಮಂತದ ವಿಡಿಯೊ, ಮಗಳ ಫೋಟೋ, ಅಪ್ಪನ ಕ್ಯಾಸೆಟ್‌ಗಳಿಂದ ಇಳಿಸಿಕೊಂಡ ಗಮಕ ಎಲ್ಲವನ್ನೂ ಒಂದೇ ಕಡೆ ಇಡೋಣವೆಂದು ಹಳೇ ಡೆಸ್ಕ್‌ಟಾಪನ್ನೇ ಸರ್ವರ್ ಮಾಡಹೊರಟೆ. 4 ಟಿಬಿಯ ಆರು ಡಿಸ್ಕ್ ತಂದೆ. ಬೋರ್ಡಿನಲ್ಲಿ ಡಿಸ್ಕ್ ಸಿಕ್ಕಿಸುವ ಸಾಟಾ ಪೋರ್ಟು ಇದ್ದದ್ದು ನಾಲ್ಕೇ. ಮೊದಲೇ ಎಣಿಸಬೇಕಿತ್ತು, ಒಪ್ಪಿದೆ.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಗ್ಗಕ್ಕೆ, ಹೆಚ್ಚಿನ ಡಿಸ್ಕ್ ಜೋಡಿಸಲು ಒಂದು ಹಳೇ ಕಂಟ್ರೋಲರ್ ಕಾರ್ಡ್ ಸಿಕ್ಕಿತು. ಹಾಕಿದರೆ 4 ಟಿಬಿ ಡಿಸ್ಕು 2 ಟಿಬಿ ಎಂದು ತೋರಿಸಿತು. ಆ ಕಾಲದ ಚಿಪ್‌ಗೆ 32 ಬಿಟ್‌ನಷ್ಟೇ ಎಣಿಕೆ ಗೊತ್ತು. ಡಿಸ್ಕಿನ 512 ಬೈಟಿನ ತುಣುಕುಗಳನ್ನು, ಅಂದರೆ ಸೆಕ್ಟರುಗಳನ್ನು, ಎಣಿಸುತ್ತಾ 2.2 ಟಿಬಿ ಹತ್ತಿರ ಬಂದಾಗ ಅದರ ಬೆರಳು ಮುಗಿದುಹೋಗುತ್ತವೆ. ಅಂಗಡಿಯವರಿಗೆ ಹೇಳಿದರೆ, "ಅರ್ಧ ಕಾಣ್ತಿದೆಯಲ್ಲಾ ಸಾರ್, ರೇಟೂ ಅರ್ಧದ್ದೇ" ಎಂದರು.

ಎರಡನೇ ಸಲ ಓದಿಕೊಂಡು ಹೋದೆ. ನಾನು ಹಾಕಹೊರಟ ಝಡ್‌ಎಫ್‌ಎಸ್ ಡಿಸ್ಕುಗಳನ್ನು ತಾನೇ ಒಟ್ಟುಗೂಡಿಸುವ ಫೈಲ್ ವ್ಯವಸ್ಥೆ. ಅದಕ್ಕೆ ರೇಡ್ ಕಟ್ಟುವ, ಅಂದರೆ ಹಲವು ಡಿಸ್ಕನ್ನು ತಾನೇ ಒಂದಾಗಿ ಹೊಲಿಯುವ, ಜಾಣ ಕಾರ್ಡ್ ಬೇಡ. ಡಿಸ್ಕನ್ನು ಇದ್ದ ಹಾಗೆ ತೋರಿಸಿ ಬಾಯಿ ಮುಚ್ಚಿಕೊಂಡಿರುವ ಎಚ್‌ಬಿಎ ಎಂಬ ಸರಳ ಕಾರ್ಡ್ ಸಾಕು. ಅಂಥ ದಲ್ಲಾಳಿ ಸಿಗುವುದೇ ಕಷ್ಟ. ಸಿಕ್ಕಿತು: ಎಸ್‌ಎಎಸ್2008 ಚಿಪ್, ಡಿಸ್ಕನ್ನು ಹಾಗೇ ದಾಟಿಸುವ ಐಟಿ ಮೋಡ್ ಫರ್ಮ್‌ವೇರ್, ಯಾವುದೋ ಸರ್ವರ್‌ನಿಂದ ಬಿಚ್ಚಿದ ಮಾಲು.

ಸ್ವಿಚ್ ಒತ್ತಿದೆ. ಫ್ಯಾನ್ ತಿರುಗಿತು, ಪರದೆ ಕಪ್ಪು. ಕಾರ್ಡ್ ಕಿತ್ತರೆ ಸರಿ, ಹಾಕಿದರೆ ಗ್ರಹಣ.

ರಾತ್ರಿಯೆಲ್ಲ ತಡಕಾಡಿದಾಗ ಮದ್ದು ಗೊತ್ತಾಯಿತು. ಕಾರ್ಡಿನ ಅಂಚಿನ ಬಿ5, ಬಿ6 ಪಿನ್‌ಗಳು ಎಸ್‌ಎಂಬಸ್‌ನವು, ಅಂದರೆ ಬೋರ್ಡು ಮತ್ತು ಕಾರ್ಡು ಸಣ್ಣಪುಟ್ಟ ಮಾತಾಡಿಕೊಳ್ಳುವ ದಾರಿ. ಕೆಲವು ಡೆಸ್ಕ್‌ಟಾಪ್ ಬೋರ್ಡುಗಳಿಗೆ ಅವುಗಳ ಹರಟೆ ಆಗಿಬರುವುದಿಲ್ಲ. ಅವೆರಡನ್ನು ಮುಚ್ಚಬೇಕು. ಅಕ್ಕಿಕಾಳಿಗಿಂತ ಸಪೂರ ಪಿನ್ನಿಗೆ ನಾನು ಕತ್ತರಿಸಿದ ಟೇಪು ಒಂದೋ ಮೂರನ್ನು ಮುಚ್ಚುತ್ತಿತ್ತು, ಇಲ್ಲವೇ ನನ್ನ ಹೆಬ್ಬೆರಳನ್ನು. ಕೊನೆಗೆ ಹೆಂಡತಿಯ ಡ್ರೆಸ್ಸಿಂಗ್ ಟೇಬಲಿನ ಮೆರೂನ್ ಸೀಸೆಗೆ ಕೈಹಾಕಿದೆ. ಉಸಿರು ಬಿಗಿಹಿಡಿದು ಎರಡು ಕೋಟ್ ಬಳಿದೆ, ಊದಿ ಒಣಗಿಸಿದೆ, ಹಾಕಿದೆ. ಮತ್ತೆ ಕಪ್ಪು.

"ರೀ, ಯಾವ ಕಡೆಯಿಂದ ಎಣಿಸಿದ್ರಿ?" ಬಾಗಿಲಲ್ಲಿ ನಿಂತಿದ್ದಳು.

ಕಾರ್ಡನ್ನು ಮಗುಚಿ ನೋಡಿದೆ. ಬಿ ಎಂದರೆ ಚಿಪ್‌ಗಳಿರುವ ಮಗ್ಗುಲು. ನಾನು ಬಳಿದಿದ್ದು ಬೆನ್ನಿಗೆ. ರಿಮೂವರ್ ತಂದುಕೊಟ್ಟವಳೂ ಅವಳೇ, ಸರಿಯಾದ ಪಿನ್ನಿಗೆ ಬಳಿದವಳೂ ಅವಳೇ. ಒಂದೇ ಕೋಟ್. ಪರದೆ ಬೆಳಗಿತು, ಆರೂ ಡಿಸ್ಕ್ ಪೂರಾ 4 ಟಿಬಿ.

ಅರ್ಧ ಗಂಟೆ ಬಿಟ್ಟು ಕಾರ್ಡಿನ ಚಿಪ್‌ನ ಬಿಸಿ ಹೀರುವ ಹೀಟ್‌ಸಿಂಕ್ ಮುಟ್ಟಿದೆ, ಬೆರಳು ಚುರ್ ಎಂದಿತು. ಸರ್ವರ್ ಪೆಟ್ಟಿಗೆಯ ಬಿರುಗಾಳಿಗೆ ಒಗ್ಗಿದ ಜೀವ ಅದು. ಹಾಲ್‌ನಲ್ಲಿದ್ದ ಟೇಬಲ್ ಫ್ಯಾನ್ ತಂದು ಅದರ ಮುಂದಿಟ್ಟೆ. ಈಗ ಸೆಕೆಯಾದಾಗ ಅಮ್ಮ ಕುರ್ಚಿ ಎಳೆದುಕೊಂಡು ಬಂದು ಸರ್ವರ್ ಪಕ್ಕ ಕೂತು ಹುರುಳಿಕಾಯಿ ಬಿಡಿಸುತ್ತಾರೆ.