ಹೆಡರ್ ಒಂದೆಡೆ, ಲೈಬ್ರರಿ ಇನ್ನೊಂದೆಡೆ

ನಿನ್ನೆ ರಾತ್ರಿ ಒಂದು ಚಿಕ್ಕ ಸಿ ಲೈಬ್ರರಿಯನ್ನು (ಬೇರೆ ಪ್ರೋಗ್ರಾಮುಗಳು ಬಳಸಿಕೊಳ್ಳುವ ಸಿದ್ಧ ಕೋಡ್) ಸೋರ್ಸ್‌ನಿಂದಲೇ ಕಂಪೈಲ್ ಮಾಡಿ, ಅದನ್ನು ಯಂತ್ರದಲ್ಲಿ ಸ್ಥಾಪಿಸುವ 'ಮೇಕ್ ಇನ್‌ಸ್ಟಾಲ್' ಆಜ್ಞೆ ದೋಷವಿಲ್ಲದೆ ಮುಗಿದ ಮೇಲೆ ನನ್ನ ಪ್ರೋಗ್ರಾಮನ್ನು ಅದಕ್ಕೆ ಲಿಂಕ್ ಮಾಡಿ ಓಡಿಸಿದರೆ, ಲೈಬ್ರರಿ ಕಡತವೇ ಸಿಗುತ್ತಿಲ್ಲವೆಂಬ ಸಂದೇಶ ಬಂತು. ಕಡತ 'ಯುಎಸ್‌ಆರ್/ಲೋಕಲ್/ಲಿಬ್'ನಲ್ಲಿ ಕಣ್ಣೆದುರೇ ಇತ್ತು! ಲೈಬ್ರರಿಗಳ ಪಟ್ಟಿಯನ್ನು ಹೊಸದಾಗಿಸುವ 'ಎಲ್‌ಡಿಕಾನ್ಫಿಗ್' ಆಜ್ಞೆ ಓಡಿಸದೆ ಅದು ಕಾಣದೆಂಬ ಒಂದು ಸಾಲನ್ನು ಸೂಚನೆಯಲ್ಲಿ ಬರೆಯಲು ಎಷ್ಟು ಹೊತ್ತು ಬೇಕಿತ್ತು?

ನೂರು ಸಲ ಅನುಭವಿಸಿದ್ದೇನೆ ಇದನ್ನು. ಅದೇ 64 ಬಿಟ್ ಲೈಬ್ರರಿಗೆ ಫೆಡೋರಾ ಲಿನಕ್ಸ್‌ನಲ್ಲಿ 'ಲಿಬ್64' ಫೋಲ್ಡರು, ಡೆಬಿಯನ್ ಲಿನಕ್ಸ್‌ನಲ್ಲಿ ಪ್ರೊಸೆಸರಿನ ಹೆಸರು ಹೊತ್ತ ಉದ್ದನೆಯ ಫೋಲ್ಡರು, ಆಪಲ್ ಸಿಲಿಕಾನ್ ಮ್ಯಾಕ್‌ನ ಹೋಮ್‌ಬ್ರೂ ಎಂಬ ಪ್ಯಾಕೇಜ್ ಸ್ಥಾಪಕದಲ್ಲಿ 'ಆಪ್ಟ್/ಹೋಮ್‌ಬ್ರೂ'. ಲೈಬ್ರರಿಯಲ್ಲಿ ಏನೇನಿದೆಯೆಂದು ಕಂಪೈಲರಿಗೆ ಹೇಳುವ ಹೆಡರ್ ಕಡತಗಳಂತೂ ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬೇರೆಯದೇ ಪ್ಯಾಕೇಜಿನಲ್ಲಿರುತ್ತವೆ. ಅದರ ಹೆಸರಿನ ಕೊನೆಗೆ ಡೆಬಿಯನ್‌ನಲ್ಲಿ 'ಡೆವ್', ಫೆಡೋರಾದಲ್ಲಿ 'ಡೆವೆಲ್'. ಈ ವ್ಯತ್ಯಾಸದಿಂದ ಯಾರಿಗೆ ಏನು ಲಾಭ? ಲಿನಕ್ಸ್‌ನಂಥ ವ್ಯವಸ್ಥೆಗಳಲ್ಲಿ ಕಡತಗಳ ಜಾಗ ಹೇಳುವ ಫೈಲ್‌ಸಿಸ್ಟಮ್ ಹೈರಾರ್ಕಿ ಸ್ಟ್ಯಾಂಡರ್ಡ್‌ನ 3.0 ಆವೃತ್ತಿ 2015ರಲ್ಲೇ ಬಂದಿರುವಾಗ, ನಾನು ಇನ್ನೂ ಪ್ರತಿ ಯಂತ್ರದಲ್ಲೂ ಹೆಡರ್ ಎಲ್ಲಿದೆಯೆಂದು ಹುಡುಕುತ್ತಲೇ ಕೂರಬೇಕೇ?