ಆಡಿದ್ದು ಮೊಮ್ಮಗ, ಖಾತೆ ತಾತನ ಹೆಸರಿಗೆ

ಸಾಲಗಾಮೆ ರಸ್ತೆಯ ಎಂಸಿಎಫ್ ಹಾಸನದವರಿಗೆಲ್ಲ ಗೊತ್ತು. ಇಸ್ರೋದ ಈ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯಲ್ಲಿ 1982ರಿಂದ ಕೂತವರು, ಸುಮಾರು 36,000 ಕಿಲೋಮೀಟರ್ ಮೇಲಿರುವ ಉಪಗ್ರಹಕ್ಕೆ ಚೂರು ಈ ಕಡೆ ವಾಲು ಅಂದರೆ ಅದು ವಾಲುತ್ತದೆ. ಮರುಮಾತಿಲ್ಲ. ಅದೇ ಊರಿನಲ್ಲಿ, ನಮ್ಮನೆ ಹಾಲಿನ ಮೂಲೆಯಲ್ಲಿರುವ ಕಂಪ್ಯೂಟರಿನಲ್ಲಿ ಒಂದು ಕಾರ್ ರೇಸಿನ ಆಟ ಶುರುವಾಗಬೇಕಾದರೆ ಮಾತ್ರ ನಮ್ಮಪ್ಪ ಮಧ್ಯಾಹ್ನದ ನಿದ್ದೆಯಿಂದ ಎದ್ದು, ಕನ್ನಡಕ ಹುಡುಕಿ, ಪಂಚೆ ಸರಿಮಾಡಿಕೊಂಡು ಬರಬೇಕು. ಅವರು ಅಡ್ಮಿನಿಸ್ಟ್ರೇಟರು.

ಈ ಹುದ್ದೆ ಅವರಿಗೆ ಸಿಕ್ಕಿದ್ದು ಹೀಗೆ. ಕಂಪ್ಯೂಟರ್ ತಂದ ದಿನ ಅಂಗಡಿ ಹುಡುಗ ಕೀಬೋರ್ಡಿನ ಮೇಲೆ ಬೆರಳಿಟ್ಟುಕೊಂಡು, "ಯಾರ ಹೆಸರಿಗೆ ಮಾಡ್ಲಿ ಸಾರ್?" ಅಂದ. ಕರೆಂಟ್ ಬಿಲ್ಲು, ಗ್ಯಾಸು, ಮನೆ ಕಂದಾಯ ಯಾರ ಹೆಸರಿನಲ್ಲಿದೆಯೋ ಇದೂ ಅವರ ಹೆಸರಿಗೇ. ಹಾಗಾಗಿ ಕಂದಾಯ ಇಲಾಖೆಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದ ಅಪ್ಪ, ಮೌಸ್ ಹಿಡಿಯುವ ಮೊದಲೇ ಅಧಿಕಾರ ಹಿಡಿದರು. ಮಕ್ಕಳಿಬ್ಬರೂ ಸ್ಟ್ಯಾಂಡರ್ಡ್ ಯೂಸರ್‌ಗಳು, ಅಂದರೆ ರೈತಾಪಿ ಜನ. ಜಿಲ್ಲಾ ಪಂಚಾಯ್ತಿಗಳ ಅವಧಿ 2021ರಲ್ಲಿ ಮುಗಿದು ಚುನಾವಣೆ ಮುಂದಕ್ಕೆ ಹೋಗುತ್ತಲೇ ಇದ್ದಾಗ ಆಡಳಿತಾಧಿಕಾರಿಗಳ ಕೈಗೆ ಕಾರುಬಾರು ಹೋಯಿತಲ್ಲ, ನಮ್ಮನೆಯಲ್ಲೂ ಚುನಾವಣೆಯ ಸುಳಿವಿಲ್ಲ.

ಮಗ ಆಟದ ಚಿತ್ರದ ಮೇಲೆ ಒತ್ತುತ್ತಾನೆ. ಚಿತ್ರದ ಮೂಲೆಯಲ್ಲಿ ನೀಲಿ ಹಳದಿ ಗುರಾಣಿಯೊಂದಿದೆ. ಒತ್ತಿದ ಕೂಡಲೇ ಇಡೀ ಪರದೆ ಗ್ರಹಣ ಹಿಡಿದಂತೆ ಮಂಕಾಗಿ ನಡುವೆ ಒಂದು ಪೆಟ್ಟಿಗೆ ಎದ್ದು, ಈ ಆ್ಯಪ್ ನಿಮ್ಮ ಸಾಧನದಲ್ಲಿ ಬದಲಾವಣೆ ಮಾಡಲು ಬಿಡುತ್ತೀರಾ ಎಂದು ಕೇಳುತ್ತದೆ. ಕೆಳಗೆ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಹಾಕಲು ಖಾಲಿ ಜಾಗ. ಮಂಕಾಗಿಸುವುದಕ್ಕೆ ಕಾರಣವೇನೋ ಇದೆ: ಆ ಹೊತ್ತಿನಲ್ಲಿ ಬೇರೆ ಯಾವ ಪ್ರೋಗ್ರಾಮೂ ಕಳ್ಳತನದಿಂದ ತಾನೇ ‘ಎಸ್’ ಒತ್ತಿಬಿಡಬಾರದು ಅಂತ. ಅಪ್ಪನಿಗೆ ಮಾತ್ರ ಆ ಕತ್ತಲೆ ತಮ್ಮ ಹುದ್ದೆಗೆ ಸಲ್ಲುವ ಗೌರವದಂತೆ ಕಾಣುತ್ತದೆ.

"ತಾತ, ಪಾಸ್‌ವರ್ಡ್ ಹಾಕಿ ಎಸ್ ಒತ್ತು, ಸಾಕು."

"ಸುಮ್ನಿರೋ. ಸರ್ವಿಸ್‌ನಲ್ಲಿದ್ದಾಗ ಕಟ್ಟುಗಟ್ಟಲೆ ಕಡತಕ್ಕೆ ಓದದೆ ರುಜು ಹಾಕಿದೀನಿ. ಅದಕ್ಕೇ ಈಗ ಓದ್ತಿರೋದು."

ಓದುತ್ತಾರೆ. ಓದಿದಷ್ಟೂ ತಲೆ ಕೆಡುತ್ತದೆ. "ಬದಲಾವಣೆ ಅಂದ್ರೆ ಏನು ಬದಲಾವಣೆ? ಯಾವ ಸರ್ವೆ ನಂಬರು? ಎಷ್ಟು ಗುಂಟೆ? ಚೆಕ್ಕುಬಂದಿ ಎಲ್ಲಿ?" ನಿಜಕ್ಕೂ ಅವರು ಕೇಳುವುದರಲ್ಲಿ ತಪ್ಪೇನಿದೆ? ಆಟಕ್ಕೆ ಬೇಕಾಗಿರುವುದು ಯಾರು ಎಷ್ಟನೇ ಸ್ಥಾನ ಬಂದರು ಅಂತ ಬರೆದಿಟ್ಟುಕೊಳ್ಳಲು ಒಂದು ಸಾಲು ಜಾಗ. ಪೆಟ್ಟಿಗೆ ಆ ಮಾತೇ ಎತ್ತುವುದಿಲ್ಲ. ‘ಎಸ್’ ಅಂದಿರೋ, ಇಡೀ ಯಂತ್ರದ ಜಿಪಿಎ, ಅಂದರೆ ಅಧಿಕಾರ ಪತ್ರವನ್ನೇ, ಬರೆದುಕೊಟ್ಟಂತೆ. ‘ನೋ’ ಅಂದಿರೋ, ಮೊಮ್ಮಗ ರಾತ್ರಿ ಊಟ ಬಿಡುತ್ತಾನೆ. ನಡುವೆ ಮೂರನೇ ಗುಂಡಿ ಇಲ್ಲ.

ಅದರ ಕೆಳಗಿನ ಸಾಲು ಇನ್ನೂ ಚೆನ್ನಾಗಿದೆ. ಪಬ್ಲಿಷರ್: ಅನ್‌ನೋನ್. "ಅರ್ಜಿದಾರ ಯಾರು ಅಂತಲೇ ಗೊತ್ತಿಲ್ವಾ? ಇದನ್ನ ಯಾರಯ್ಯ ಟಪಾಲಿಗೆ ತಗೊಂಡಿದ್ದು?" ಅಂತ ಅಪ್ಪ ನನ್ನನ್ನು ಗದರಿದರು. ನಾನು ವಿವರಿಸಿದೆ: ಪ್ರೋಗ್ರಾಮ್ ಬರೆದವರು ಡಿಜಿಟಲ್ ಸಹಿ ಹಾಕಿದ್ದರೆ ಹೆಸರು ಬರುತ್ತೆ. ಅದರ ಸರ್ಟಿಫಿಕೇಟಿಗೆ ಖರ್ಚಿದೆ, ಸಣ್ಣಪುಟ್ಟ ಆಟ ಮಾಡುವ ಎಷ್ಟೋ ಜನ ಆ ಗೋಜಿಗೆ ಹೋಗಲ್ಲ. ಹಾಗಾದರೆ ಸಹಿ ಇದ್ದವರೆಲ್ಲ ಸಾಚಾಗಳಾ ಅಂತ ಮರುಪ್ರಶ್ನೆ ಬಂತು. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ಹುಳು, ತೈವಾನಿನ ಎರಡು ಕಂಪನಿಗಳಿಂದ ಕದ್ದ ಸಹಿ ಹಾಕಿಕೊಂಡು ವಿಂಡೋಸ್ ಒಳಗೆ ನುಗ್ಗಿದ ಕಥೆ ಹೇಳಿದೆ. ಅಪ್ಪ ಕುರ್ಚಿಗೆ ಒರಗಿ, "ನಕಲಿ ಸೀಲು ಮಾಡೋರಿಗೆ ಎಲ್ಲಾ ಕಡೆ ಅನ್ನ ಇದೆ ಬಿಡು" ಅಂದರು. ಆ ಮಾತಿನಲ್ಲಿ ಇಲಾಖೆಯ ಅನುಭವದ ತೂಕವಿತ್ತು.

ಈ ಪೆಟ್ಟಿಗೆ ಎಲ್ಲಿಂದ ಬಂತು ಅಂದರೆ, ವಿಂಡೋಸ್ ಎಕ್ಸ್‌ಪಿ ಕಾಲದ ಜಮೀನ್ದಾರಿಕೆಯಿಂದ. ಆಗ ಮನೆಮನೆಯ ಕಂಪ್ಯೂಟರಿನಲ್ಲೂ ಕೂತವರೆಲ್ಲ ಅಡ್ಮಿನಿಸ್ಟ್ರೇಟರೇ. ಆಟಗಳು ಎಲ್ಲಿ ಬೇಕಾದರೂ ಗೂಟ ಹೊಡೆಯುತ್ತಿದ್ದವು, ವೈರಸ್ಸುಗಳೂ ಅಷ್ಟೇ. 2007ರಲ್ಲಿ ವಿಸ್ಟಾ ಬಂದು, ಯೂಸರ್ ಅಕೌಂಟ್ ಕಂಟ್ರೋಲ್ ಅನ್ನೋ ಹೆಸರಿನಲ್ಲಿ ಒತ್ತುವರಿ ತೆರವಿಗೆ ಹೊರಟಿತು. ಪ್ರೋಗ್ರಾಮ್ ಫೈಲ್ಸ್ ಎಂಬ ಫೋಲ್ಡರಿನೊಳಗೆ ಇನ್ನುಮುಂದೆ ಅಪ್ಪಣೆಯಿಲ್ಲದೆ ಯಾರೂ ಬರೆಯುವಂತಿಲ್ಲ. ಆಟದ ಲೆಕ್ಕ ಇಡುವುದಕ್ಕೆ ಪ್ರತಿಯೊಬ್ಬರ ಖಾತೆಯಲ್ಲೂ ಸೇವ್ಡ್ ಗೇಮ್ಸ್ ಅಂತ ಪ್ರತ್ಯೇಕ ಫೋಲ್ಡರನ್ನೇ ಕಟ್ಟಿಸಿಕೊಟ್ಟರು. ನಮ್ಮನೆಯಲ್ಲಿ ಅದು ಇಂದಿಗೂ ಖಾಲಿ ಇದೆ. ಕೆಲವು ಆಟದವರಿಗೆ ಹಳೇ ಜಾಗವೇ ಬೇಕು. ಅಲ್ಲಿ ಬರೆಯಲು ಬಿಡದಿದ್ದರೆ ಸಾರಾಸಗಟಾಗಿ ಅಡ್ಮಿನಿಸ್ಟ್ರೇಟರ್ ಅಧಿಕಾರವನ್ನೇ ಕೊಡಿ ಅನ್ನುತ್ತಾರೆ. ತೆಂಗಿನ ತೋಟದ ಬೇಲಿ ದಾಟಲು ಬಿಡದಿದ್ದರೆ ತಾಲ್ಲೂಕನ್ನೇ ಬರೆದುಕೊಡಿ ಅಂದ ಹಾಗೆ.

ಅಪ್ಪಣೆ ಕೇಳದ ಹಳೇ ಆಟಗಳಿಗೆ ವಿಂಡೋಸ್ ಮಾಡಿರುವ ಏರ್ಪಾಡು ನೋಡಿದರೆ ಅದನ್ನು ಬರೆದವರು ನಮ್ಮ ಕಡೆಯವರೇ ಇರಬೇಕು ಅನ್ನಿಸುತ್ತದೆ. ಆಟ ಪ್ರೋಗ್ರಾಮ್ ಫೈಲ್ಸ್ ಒಳಗೆ ಬರೆಯಲು ಹೋಗುತ್ತದೆ. ಆಗಲ್ಲ ಅಂತ ಮುಖಕ್ಕೆ ಹೊಡೆದಂತೆ ಹೇಳುವುದಿಲ್ಲ. "ಆಯ್ತು, ಬರೆದಾಯ್ತು, ಹೋಗಿ ಬನ್ನಿ" ಅಂತ ನಂಬಿಸಿ ಕಳಿಸಿ, ಕಾಗದವನ್ನು ಗುಟ್ಟಾಗಿ ವರ್ಚುವಲ್‌ಸ್ಟೋರ್ ಎಂಬ ಬೇರೊಂದು ಮೂಲೆಯಲ್ಲಿ ಇಡುತ್ತದೆ. ಆಟಕ್ಕೆ ತೃಪ್ತಿ, ವಿಂಡೋಸಿಗೂ ತೃಪ್ತಿ. ಆಡುವವನು ಮುಂದೊಂದು ದಿನ ತನ್ನ ಕಡತ ಹುಡುಕಿಕೊಂಡು ಅಲೆಯುತ್ತಾನೆ.

2008ರಲ್ಲಿ ಮೈಕ್ರೋಸಾಫ್ಟಿನ ಅಧಿಕಾರಿಯೊಬ್ಬರು ಸಭೆಯೊಂದರಲ್ಲಿ, ಜನರಿಗೆ ಕಿರಿಕಿರಿಯಾಗಲಿ ಅಂತಲೇ ಈ ವ್ಯವಸ್ಥೆ ಇಟ್ಟದ್ದು ಎಂದು ಒಪ್ಪಿಕೊಂಡರು. ತಮಾಷೆಗಲ್ಲ. ಕಿರಿಕಿರಿಯಾದ ಜನ ಸಾಫ್ಟ್‌ವೇರ್ ಮಾಡುವವರ ಮೇಲೆ ರೇಗಲಿ, ಅವರು ಸುಮ್ಮಸುಮ್ಮನೆ ಅಧಿಕಾರ ಕೇಳುವುದನ್ನು ಬಿಡಲಿ ಎಂಬ ಲೆಕ್ಕಾಚಾರ. ಇದನ್ನು ಕೇಳಿ ಅಪ್ಪನ ಕಣ್ಣಲ್ಲಿ ನೀರಾಡಿತು. ಸಾರ್ವಜನಿಕರನ್ನು ಅಲೆದಾಡಿಸುವುದಕ್ಕೆ ಇಷ್ಟು ಘನವಾದ ಸಿದ್ಧಾಂತ ಇದೆ ಅಂತ ಅವರ ಸರ್ವಿಸ್‌ನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಹೆಸರಿನ ಮೇಲೆ ಅನುಮಾನ ಪಡುವ ಪದ್ಧತಿಯೂ ಇದೆ. ಕೆಲವು ಹಳೇ 32 ಬಿಟ್ ಪ್ರೋಗ್ರಾಮುಗಳ ಹೆಸರಿನಲ್ಲಿ ಸೆಟಪ್, ಇನ್‌ಸ್ಟಾಲ್, ಅಪ್‌ಡೇಟ್ ಎಂಬ ಮಾತಿದ್ದರೆ ಸಾಕು, ಒಳಗೆ ಏನಿದೆ ಅಂತ ಕೇಳುವ ಮೊದಲೇ ಗುರಾಣಿ ಎದ್ದು ನಿಲ್ಲುತ್ತದೆ. ಹೆಸರು ಕೇಳಿ ಜಾತಕ ಬರೆಯುವುದನ್ನು ಸಾಫ್ಟ್‌ವೇರಿಗೂ ಕಲಿಸಿದವರಿಗೆ ದೊಡ್ಡ ನಮಸ್ಕಾರ.

ಇಷ್ಟೆಲ್ಲ ಆಡಂಬರದ ಅಡ್ಮಿನಿಸ್ಟ್ರೇಟರಿಗೆ ನಿಜಕ್ಕೂ ಎಷ್ಟು ಅಧಿಕಾರ ಇದೆ? ಅಪ್ಪ ತಮ್ಮದೇ ಖಾತೆಯಲ್ಲಿ ಕೂತರೂ ವಿಂಡೋಸ್ ಅವರನ್ನು ಸಾಮಾನ್ಯ ಪ್ರಜೆಯಂತೆಯೇ ನೋಡುತ್ತದೆ. ಲಾಗಿನ್ ಆದಾಗ ಎರಡು ಟೋಕನ್, ಅಂದರೆ ಅಧಿಕಾರದ ಚೀಟಿ, ತಯಾರಾಗುತ್ತವೆ, ಒಂದು ಪೂರ್ತಿ ಅಧಿಕಾರದ್ದು, ಇನ್ನೊಂದು ಹಲ್ಲು ಕಿತ್ತದ್ದು. ದಿನವಿಡೀ ಚಲಾವಣೆಯಲ್ಲಿರುವುದು ಹಲ್ಲು ಕಿತ್ತದ್ದು. ಅಡ್ಮಿನಿಸ್ಟ್ರೇಟರು ಅಡ್ಮಿನಿಸ್ಟ್ರೇಟರಾಗಬೇಕಾದರೆ ರೈಟ್ ಕ್ಲಿಕ್ ಮಾಡಿ ‘ರನ್ ಆಸ್ ಅಡ್ಮಿನಿಸ್ಟ್ರೇಟರ್’ ಎಂದು ತಮಗೆ ತಾವೇ ಅರ್ಜಿ ಹಾಕಿಕೊಂಡು, ತಾವೇ ಮಂಜೂರು ಮಾಡಿಕೊಳ್ಳಬೇಕು.

ಅದಾದ ಮೇಲೂ ಒಂದು ದಿನ ಅವರು ಸಿಸ್ಟಮಿನ ಯಾವುದೋ ಫೈಲ್ ಅಳಿಸಲು ಹೋಗಿ, ಟ್ರಸ್ಟೆಡ್‌ಇನ್‌ಸ್ಟಾಲರ್ ಎಂಬಾತನ ಅನುಮತಿ ಬೇಕು ಎಂಬ ಉತ್ತರ ಪಡೆದರು.

"ಇವನ್ಯಾವನೋ? ನನ್ನ ಮೇಲೆ ಇನ್ನೊಬ್ಬ ಇದಾನಾ?"

"ಸಿಸ್ಟಮ್ ಫೈಲ್‌ಗಳೆಲ್ಲ ಅವನ ಹೆಸರಲ್ಲೇ ಇರೋದು ಅಪ್ಪ."

"ಡಿ.ಸಿ. ಇದ್ದ ಹಾಗಾ?"

ಹೂಂ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ವರ್ಗಾವಣೆ ಯಾವಾಗಂತೆ?" ಅಂದರು.

ಡಿ.ಸಿ.ಗೂ ಮೇಲಿನವರು ಉಂಟು, ಅವರು ಆಟದ ಜೊತೆಯಲ್ಲೇ ಬರುತ್ತಾರೆ. ಆನ್‌ಲೈನ್ ಆಟಗಳಲ್ಲಿ ಮೋಸ ಹಿಡಿಯಲು ಕಾವಲುಗಾರ ಪ್ರೋಗ್ರಾಮುಗಳಿರುತ್ತವೆ. 2020ರಲ್ಲಿ ಬಂದ ವ್ಯಾಲೊರಂಟ್ ಆಟದ ವ್ಯಾನ್‌ಗಾರ್ಡ್ ಕಂಪ್ಯೂಟರ್ ಆನ್ ಆದಾಗಲೇ ಎದ್ದು ಕೂರುತ್ತದೆ, ಅದೂ ವಿಂಡೋಸಿನ ಕರ್ನಲ್ ಎಂಬ ಗರ್ಭಗುಡಿಯಲ್ಲಿ. ಯಂತ್ರಕ್ಕೆ ಕಾಸು ಕೊಟ್ಟವರು ಹೊಸ್ತಿಲ ಹೊರಗೆ, ಆಟದ ಕಾವಲುಗಾರ ಒಳಗೆ. ಎಲ್ಲೋ ಇರುವ ಯಾರೋ ಗೋಡೆಯಾಚೆ ನೋಡುವ ಮೋಸದ ಪ್ರೋಗ್ರಾಮ್ ಹಾಕಿಕೊಂಡಾರು ಎಂಬ ಭಯಕ್ಕೆ ಹಾಸನದ ಶಿರಸ್ತೇದಾರರ ಮನೆ ಪ್ರತಿ ಬೆಳಗ್ಗೆ ತನಿಖೆಗೆ ಒಳಪಡಬೇಕು. ಆ ಆಟ ಮಾತ್ರ ನಮ್ಮನೆಗೆ ಬೇಡ ಅಂದಿದ್ದೇನೆ. ನನ್ನ ಮಾತು ಎಷ್ಟು ದಿನ ನಡೆಯುತ್ತದೋ ನೋಡಬೇಕು.

ಅಂಗಡಿ ಹುಡುಗನಿಗೆ ಫೋನ್ ಮಾಡಿದರೆ ಅವನದು ಒಂದೇ ಮದ್ದು. "ಸೆಟ್ಟಿಂಗ್ಸಲ್ಲಿ ಒಂದು ಗೆರೆ ಇರುತ್ತೆ ಸಾರ್, ಪೂರ್ತಿ ಕೆಳಗೆ ಎಳೆದುಬಿಡಿ, ಆಮೇಲೆ ಕೇಳೋದೇ ಇಲ್ಲ." 2009ರಲ್ಲಿ ವಿಂಡೋಸ್ 7 ಜೊತೆ ಬಂದ ನಾಲ್ಕು ಹಂತದ ಗೆರೆ ಅದು. ಎಳೆದೆವು. ಕೇಳುವುದು ನಿಜವಾಗಿಯೂ ನಿಂತಿತು. ಅಪ್ಪನ ಖಾತೆಯಲ್ಲಿ ಯಾರು ಏನು ಬೇಡಿದರೂ ಸದ್ದಿಲ್ಲದೆ ಮಂಜೂರು. ಮಕ್ಕಳ ಖಾತೆಯಲ್ಲಿ ಅಷ್ಟೇ ಸದ್ದಿಲ್ಲದೆ ವಜಾ. ಪ್ರಶ್ನೆಯನ್ನು ತೆಗೆದರೆ ಉತ್ತರ ಬಲವಿದ್ದವರ ಪರವಾಗಿಯೇ ಬೀಳುತ್ತದೆ ಅಂತ ಆ ಹುಡುಗನಿಗೆ ಹೇಳಿದೆ. ಅವನು ಹಲೋ ಹಲೋ ಅಂದು ಫೋನಿಟ್ಟ. ಗೆರೆಯನ್ನು ಮತ್ತೆ ಮೇಲಕ್ಕೆ ತಂದದ್ದಾಯಿತು. ಎಷ್ಟೋ ಹಳೇ ಆಟಗಳು, ಪ್ರೋಗ್ರಾಮ್ ಫೈಲ್ಸ್ ಬಿಟ್ಟು ಡಿ ಡ್ರೈವಿನಲ್ಲಿ ಹಾಕಿಕೊಂಡರೆ ತೆಪ್ಪಗೆ ನಡೆಯುತ್ತವೆ. ನಮ್ಮನೆ ಆಟದ ಹಠ ಬೇರೆ. ಎಲ್ಲಿಟ್ಟರೂ ಅಡ್ಮಿನಿಸ್ಟ್ರೇಟರೇ ಬೇಕು ಅಂತ ಅದರೊಳಗೇ ಬರೆದಿಟ್ಟಿದ್ದಾರೆ.

ನಿಜವಾದ ರಗಳೆ ಶುರುವಾಗಿದ್ದು ಆಮೇಲೆ. ಮಗ ಒಂದಿನ, ತಾನು ಗೆದ್ದ ರೇಸುಗಳ ಫೈಲ್ ತನ್ನ ಫೋಲ್ಡರಿನಲ್ಲಿ ಎಲ್ಲೂ ಇಲ್ಲ ಅಂತ ಗಲಾಟೆ ಎಬ್ಬಿಸಿದ. ಹುಡುಕಿದರೆ ಸಿಕ್ಕಿದ್ದು ತಾತನ ಡಾಕ್ಯುಮೆಂಟ್ಸ್‌ನಲ್ಲಿ, ಪಿಂಚಣಿ ಕಾಗದದ ಸ್ಕ್ಯಾನ್ ಪಕ್ಕ. ಕಾರಣ ಸರಳ. ಸ್ಟ್ಯಾಂಡರ್ಡ್ ಖಾತೆಯಲ್ಲಿ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಹಾಕಿ ಆಟ ಶುರುಮಾಡಿದರೆ, ಆ ಆಟ ನಡೆಯುವುದು ಪಾಸ್‌ವರ್ಡ್ ಹಾಕಿದವರ ಹೆಸರಿನಲ್ಲಿ. ಹಾಗಾಗಿ ವಿಂಡೋಸ್ ದಾಖಲೆಯ ಪ್ರಕಾರ ಪ್ರತಿ ಮಧ್ಯಾಹ್ನ ಗಂಟೆಗಟ್ಟಲೆ ರೇಸ್ ಕಾರು ಓಡಿಸಿದವರು, ಮೂರು ಸಲ ಕಪ್ ಗೆದ್ದವರು, ಸೇತುವೆಯಿಂದ ಹಾರಿಬಿದ್ದವರು ಎಲ್ಲ ಒಬ್ಬರೇ: ಮಂಡಿನೋವಿನ ನಿವೃತ್ತ ಶಿರಸ್ತೇದಾರರು.

ಅಪ್ಪನಿಗೆ ಎಷ್ಟೋ ವರ್ಷಗಳ ಮೇಲೆ ಅರ್ಥವಾಗುವ ಕೇಸು ಸಿಕ್ಕಿತು. ಸ್ವಾಧೀನಾನುಭವ ಒಬ್ಬರದು, ಖಾತೆ ಇನ್ನೊಬ್ಬರದು. ಜಿಲ್ಲೆಯ ಅರ್ಧ ಪಹಣಿಗಳ ಕಥೆಯೇ ಇದು. ತಾತ, ಮುತ್ತಾತ ಸತ್ತು ಬೂದಿಯಾಗಿದ್ದರೂ ಜಮೀನು ಅವರ ಹೆಸರಿನಲ್ಲೇ ಇದ್ದು, ಪೌತಿ ಖಾತೆಗಾಗಿ ಜನ ನಾಡಕಚೇರಿ ಮುಂದೆ ಕಾಯುವುದನ್ನು ಅವರು ಕಣ್ಣಾರೆ ಕಂಡವರು. "ನಾನಿನ್ನೂ ಬದುಕಿದೀನಿ, ಆದ್ದರಿಂದ ಪೌತಿ ಬರಲ್ಲ. ಬೇಕಾದ್ರೆ ದಾನಪತ್ರದ ಮೇಲೆ ವರ್ಗಾಯಿಸಬಹುದು" ಅಂತ ಮೊಮ್ಮಗನಿಗೆ ತಿಳಿಹೇಳಿದರು. ಫೈಲ್ ಕಾಪಿ ಮಾಡಿ ಪೇಸ್ಟ್ ಮಾಡಿದರೆ ಆಯ್ತಲ್ಲ ಎಂದ ನನ್ನನ್ನು ನೋಡಿದ ನೋಟದಲ್ಲಿ, ಇವರನ್ನು ಓದಿಸಿದ್ದು ದಂಡ ಎಂಬ ಭಾವ ಸ್ಪಷ್ಟವಾಗಿತ್ತು. ಮ್ಯುಟೇಶನ್ ಅಂದಮೇಲೆ ನೋಟೀಸು ಹೊರಡಿಸದೆ ನಡೆಯುತ್ತದೆಯೇ? ಬಿಳಿ ಹಾಳೆಯಲ್ಲಿ ಬರೆದು, ಆಕ್ಷೇಪಣೆ ಇದ್ದವರು ಸಲ್ಲಿಸತಕ್ಕದ್ದು ಅಂತ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು.

ಯಾರು ಹಾಕುತ್ತಾರೆ ಆಕ್ಷೇಪಣೆ ಅಂದುಕೊಂಡಿದ್ದೆವು. ಆರನೇ ಕ್ಲಾಸಿನ ಮಗಳು ಹಾಕಿದಳು. ಅಣ್ಣ ಟ್ಯೂಷನ್‌ಗೆ ಹೋದಾಗಲೆಲ್ಲ ತಾತನ ಹತ್ತಿರ ಪಾಸ್‌ವರ್ಡ್ ಹಾಕಿಸಿಕೊಂಡು ಅದೇ ಆಟ ಆಡಿದವಳು ತಾನು, ನೀಲಿ ಕಾರು ಗೆದ್ದ ಎರಡು ಕಪ್ ತನ್ನವು, ಎಲ್ಲವೂ ತಾತನ ಹೆಸರಿನಲ್ಲೇ ಇರುವುದರಿಂದ ಯಾವುದು ಯಾರದು ಅಂತ ಕಂಪ್ಯೂಟರಿಗೂ ಗೊತ್ತಿಲ್ಲ, ಆದ್ದರಿಂದ ಸಮಪಾಲು ಆಗಬೇಕು, ಅಲ್ಲಿಯವರೆಗೆ ತಡೆಯಾಜ್ಞೆ ಕೊಡಬೇಕು. ಗೆರೆ ಹಾಳೆಯಲ್ಲಿ ಮಾರ್ಜಿನ್ ಬಿಟ್ಟು ಬರೆದಿದ್ದಳು. ಒಕ್ಕಣೆ ಯಾರು ಹೇಳಿಕೊಟ್ಟರು ಅಂದರೆ ಅಡುಗೆಮನೆ ಕಡೆ ನೋಡಿದಳು. ಅಲ್ಲಿ ನಮ್ಮಮ್ಮ ಸಾರಿಗೆ ಒಗ್ಗರಣೆ ಹಾಕುತ್ತಿದ್ದರು.

ಅಪ್ಪ ತಕರಾರು ಅರ್ಜಿಗೆ ದಿನಾಂಕ ಹಾಕಿ, ಪಂಚ್ ಮಾಡಿ, ಹಸಿರು ಟ್ಯಾಗ್ ಪೋಣಿಸಿ ಹೊಸ ಕಡತ ತೆರೆದಿದ್ದಾರೆ. ತಕರಾರು ಇತ್ಯರ್ಥವಾಗುವವರೆಗೆ ಯಾರಿಗೂ ಪಾಸ್‌ವರ್ಡ್ ಹಾಕಿಕೊಡುವುದಿಲ್ಲವಂತೆ. ಅವರ ಆದೇಶ ಒಪ್ಪಿಗೆಯಾಗದಿದ್ದರೆ ಎ.ಸಿ. ಹತ್ತಿರ ಮೇಲ್ಮನವಿ, ಎ.ಸಿ. ಯಾರು ಅಂತ ಮಕ್ಕಳಿಬ್ಬರಿಗೂ ಈಗಾಗಲೇ ಗೊತ್ತು, ಇಬ್ಬರೂ ಅಜ್ಜಿಗೆ ಕರಿಬೇವು ಬಿಡಿಸಿಕೊಡುತ್ತಿದ್ದಾರೆ. ವಿಚಾರಣೆ ಭಾನುವಾರ ಹನ್ನೊಂದಕ್ಕೆ. ಎರಡೂ ಕಡೆಯವರು ಆಧಾರ್ ಜೆರಾಕ್ಸ್ ತರಬೇಕು.